ಹಳೇ ಜಿಪ್ಸಿಯ ಎಂಜಿನ್ ಇಳಿಸಿ, ಕಟ್ಟಿ, ಮತ್ತೆ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯವನು, ಇರುವುದು ಪುಣೆಯಲ್ಲಿ. ನನ್ನ ಹತ್ತಿರ 1997ರ ಒಂದು ಮಾರುತಿ ಜಿಪ್ಸಿ ಕಿಂಗ್ ಜೀಪು ಇದೆ. ಅದರ ಎಂಜಿನ್ ಎರಡು ಸಲ ಇಳಿದಿದೆ. ಮೊದಲ ಸಲ ಕಟ್ಟಿದ್ದು ವರ್ಷ ತುಂಬುವ ಮೊದಲೇ ಆಯಿಲ್ ಕುಡಿಯತೊಡಗಿತು. ಎರಡನೇ ಸಲ ಕಟ್ಟಿದ್ದು ಇವತ್ತಿಗೂ ಗಟ್ಟಿಯಾಗಿ ಘಟ್ಟ ಹತ್ತುತ್ತಿದೆ. ಪಿಂಪ್ರಿ-ಚಿಂಚ್ವಡ, ಹಡಪ್ಸರ್, ಕೋಥ್ರೂಡ್ ಕಡೆಯ ಕನ್ನಡದ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಉತ್ತರ ಒಂದೆಡೆ ಇರಲಿ ಎಂದು ಬರೆದಿಟ್ಟಿದ್ದೇನೆ.

ಎಂಜಿನ್ ನಿಜವಾಗಿಯೂ ಮುಗಿದಿದೆಯೋ, ಬರೀ ಟ್ಯೂನಿಂಗ್ ಸಾಕೋ, ಹೇಗೆ ತಿಳಿಯುವುದು?

ಹೊಗೆ ನೋಡಿ ತೀರ್ಮಾನಿಸಬೇಡಿ, ಆದರೆ ಹೊಗೆಯಿಂದಲೇ ಶುರುಮಾಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಸಂಶಯಪಡಿ. ಉದ್ದನೆಯ ಇಳಿಜಾರಿನಲ್ಲಿ ಕಾಲು ತೆಗೆದು ಬಂದು, ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಮೋಡ ಎದ್ದರೂ ಅದೇ ಕಥೆ. ಏರು ಹತ್ತುವಾಗ ಬಿಡದೆ ನೀಲಿ ಹೊಗೆ ಬಂದರೆ, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸ್ ಬುಸ್ ಎಂದು ಗಾಳಿ ಹೊಡೆದರೆ, ಪಿಸ್ಟನ್ನಿನ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿವೆ. ಕಪ್ಪು ಹೊಗೆ ಬಹುಮಟ್ಟಿಗೆ ಕಾರ್ಬೊರೇಟರ್ ಕೆಲಸ, ಅದಕ್ಕೆ ಎಂಜಿನ್ ಇಳಿಸಬೇಕಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹಬೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಅಡಿಯ ತೆಳು ಹಾಳೆ) ನೋಡಿ.

ಆಮೇಲೆ ಕಂಪ್ರೆಶನ್ ಅಳೆಯಿರಿ. ಸಿಲಿಂಡರ್‌ನೊಳಗೆ ಎಷ್ಟು ಒತ್ತಡ ಏಳುತ್ತದೆ ಎಂದು ಗೇಜ್ ಹಾಕಿ ನೋಡುವುದು ಇದು. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಚೆನ್ನಾಗಿರಬೇಕು, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದಿರಬೇಕು, ಕಾಯಿಲ್‌ಗೆ ಹೋಗುವ ವೈರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಈ ಕೊನೆಯದನ್ನು ಮರೆತು ಒಳ್ಳೆಯ ಎಂಜಿನ್ನನ್ನೇ ಬಿಚ್ಚಿದವರಿದ್ದಾರೆ. 1300 ಸಿಸಿ ಜಿಪ್ಸಿ ಕಿಂಗ್‌ಗೆ ಹೊಸದರಲ್ಲಿ ಚದರ ಸೆಂಟಿಮೀಟರ್‌ಗೆ 14 ಕೆಜಿ ಬರಬೇಕು. 12ಕ್ಕಿಂತ ಕಡಿಮೆಯಾದರೆ ಕೆಲಸ ಇದೆ ಎಂದರ್ಥ. ಸಿಲಿಂಡರ್‌ಗಳ ನಡುವೆ 1 ಕೆಜಿಗಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಮುಳ್ಳು ಮೇಲೆದ್ದರೆ ದೋಷ ರಿಂಗ್ ಇಲ್ಲವೇ ಬೋರ್‌ನದು. ಇದ್ದಲ್ಲೇ ಇದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುತ್ತದೆ. ಅದಕ್ಕೆ ಹೆಡ್ ಇಳಿಸಿದರೆ ಸಾಕು.

ಕೆಳಗಿನಿಂದ ದಪ್ಪ ದನಿಯ ಬಡಿತ ಕೇಳುತ್ತಿದೆಯೇ? ಒಂದೊಂದೇ ಪ್ಲಗ್‌ನ ವೈರ್ ತೆಗೆದು ಕೇಳಿ. ಯಾವುದನ್ನು ತೆಗೆದಾಗ ಬಡಿತ ಮೆತ್ತಗಾಗುತ್ತದೋ ಆ ಸಿಲಿಂಡರ್‌ನ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್‌ನ ಕೆಳತುದಿಯದು) ಹೋಗಿದೆ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ನೀವು ಕೊಡುವ ಅಳತೆ ಎಲ್ಲ ಜಿಪ್ಸಿಗೂ ಹೊಂದುತ್ತವೆಯೇ?

ಇಲ್ಲ. 1985ರಲ್ಲಿ ಬಂದ ಮೊದಲ ಜಿಪ್ಸಿಯದು 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿ ಬಂತು, ಎಂಟು ವಾಲ್ವ್, ಕಾರ್ಬೊರೇಟರ್. 2000ದಲ್ಲಿ ಅದೇ 1298 ಸಿಸಿಗೆ ಹದಿನಾರು ವಾಲ್ವ್ ಮತ್ತು ಎಂಪಿಎಫ್ಐ (ಕಾರ್ಬೊರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್) ಬಂದವು. ನಾನು ಹೇಳುತ್ತಿರುವುದು ನಡುವಿನದನ್ನು. ಉಳಿದವಕ್ಕೆ ಆಯಾ ವರ್ಕ್‌ಶಾಪ್ ಮ್ಯಾನ್ಯುಅಲ್ ನೋಡಿ.

ಮೊದಲ ಸಲ ಕಟ್ಟಿದ ಎಂಜಿನ್ ಏಕೆ ಕೆಟ್ಟಿತು?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಮಾತ್ರ ಕಡಿಮೆ. ಬೋರ್ ಹೊಸದು, ಪಿಸ್ಟನ್ ಹೊಸದು, ಬೇರಿಂಗ್ ಹೊಸದು, ಕೆಲಸವೂ ಶುಚಿಯಾಗಿತ್ತು. ಆದರೆ ಮೊದಲಿನ ಎಂಜಿನ್ ಅಷ್ಟು ಬೇಗ ಸವೆದದ್ದು ಏಕೆ ಎಂದು ನಾನೂ ಕೇಳಲಿಲ್ಲ, ಗ್ಯಾರೇಜಿನವರೂ ನೋಡಲಿಲ್ಲ. ಎರಡನೇ ಸಲ ಹೆಡ್ ತೆಗೆದಾಗ ಬೋರ್‌ನ ಮೇಲ್ಭಾಗದಲ್ಲಿ, ಮೊದಲ ರಿಂಗ್ ಓಡಾಡುವ ಜಾಗದಲ್ಲೇ ಸವೆತ ಹೆಚ್ಚಿತ್ತು, ಕೆಳಗೆ ಬಹುತೇಕ ಹೊಸದರಂತಿತ್ತು. ಅಷ್ಟು ಬೇಗ ಹೀಗೆ ಸವೆದದ್ದು ನೋಡಿ ಧೂಳು ಮೇಲಿನಿಂದ ಬಂದಿದೆ ಎಂಬ ಸಂಶಯ ಬಂತು. ಏರ್ ಕ್ಲೀನರ್‌ನಿಂದ ಕಾರ್ಬೊರೇಟರ್‌ಗೆ ಬರುವ ರಬ್ಬರ್ ಹೋಸ್ ತೆಗೆದು ತಿರುವಿದರೆ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಬೆರಳುದ್ದದ ಬಿರುಕು. ಒಳಗೆಲ್ಲ ಕೊಂಕಣದ ಕೆಂಪು ಧೂಳಿನ ಗೆರೆ. ಏರ್ ಫಿಲ್ಟರ್ ಪ್ರತಿ ಸಲ ಬದಲಿಸುತ್ತಿದ್ದೆ. ಗಾಳಿ ಮಾತ್ರ ಫಿಲ್ಟರ್ ದಾಟಿದ ಮೇಲೆ ಆ ಬಿರುಕಿನಿಂದ ನುಗ್ಗುತ್ತಿತ್ತು. ಅದೇ ಹೋಸ್‌ನ್ನು ಒರೆಸಿ ಹೊಸ ಎಂಜಿನ್ನಿಗೂ ಹಾಕಿದ್ದೆವು.

ಅಂದಿನಿಂದ ನನ್ನ ನಿಯಮ ಒಂದೇ. ಹಳೆಯ ಎಂಜಿನ್ ಸತ್ತ ಕಾರಣ ಕೈಗೆ ಸಿಗುವವರೆಗೆ ಹೊಸ ಪಿಸ್ಟನ್ ಕೊಳ್ಳುವುದಿಲ್ಲ. ಬೋರ್ ಸವೆದಿದ್ದರೆ ಧೂಳಿನ ದಾರಿ ಹುಡುಕಿ. ಹೆಡ್ ಬಾಗಿದ್ದರೆ ಬಿಸಿಯ ಕಾರಣ ಹುಡುಕಿ: ಹೂಳು ತುಂಬಿದ ರೇಡಿಯೇಟರ್, ಜಾಲರಿಗೆ ಮೆತ್ತಿದ ಕೆಸರು, ಸವೆದ ವಾಟರ್ ಪಂಪ್. ಬೇರಿಂಗ್ ಸುಟ್ಟಿದ್ದರೆ ಆಯಿಲ್ ಪಂಪ್, ಅದರ ಜಾಲರಿ, ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಒಳಗಿನ ಆಯಿಲ್ ದಾರಿ ಮೂರನ್ನೂ ನೋಡಿ.

ಹೊಳೆ ದಾಟುವಾಗ ಎಂಜಿನ್ ನೀರು ಕುಡಿದು ನಿಂತುಬಿಟ್ಟಿತು. ಒಣಗಿಸಿ ಓಡಿಸಬಹುದೇ?

ಮಳೆಗಾಲದಲ್ಲಿ ತಾಮ್ಹಿಣಿ, ಮುಳಶಿ ಕಡೆಯಿಂದ ಈ ಫೋನ್ ತಪ್ಪದೆ ಬರುತ್ತದೆ. ದಯವಿಟ್ಟು ಕೀಲಿ ತಿರುಗಿಸಬೇಡಿ. ನೀರನ್ನು ಒತ್ತಿ ಕುಗ್ಗಿಸಲು ಆಗದು, ಪಿಸ್ಟನ್ ಮೇಲೆ ಬರುವಾಗ ನೀರು ಎದುರಾದರೆ ಅದನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲ್ಕೂ ಪ್ಲಗ್ ತೆಗೆದು, ಪಾನಾ ಹಾಕಿ ಕ್ರ್ಯಾಂಕ್ ಪುಲ್ಲಿಯನ್ನು ಕೈಯಿಂದ ತಿರುಗಿಸಿ, ನೀರು ಹೊರಹಾಕಿ. ಆಯಿಲ್ ಹಾಲುಬೆರೆತ ಚಹಾದಂತಾಗಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿ. ಆಮೇಲೆ ಕಂಪ್ರೆಶನ್ ಅಳೆಯಿರಿ. ಬಾಗಿದ ರಾಡ್ ಗಿಡ್ಡವಾಗುತ್ತದೆ, ಆ ಸಿಲಿಂಡರ್‌ನಲ್ಲಿ ಕಂಪ್ರೆಶನ್ ಇಳಿದಿರುತ್ತದೆ. ಸ್ವಲ್ಪ ಬಾಗಿದ್ದರೂ ಎಂಜಿನ್ ಓಡುತ್ತದೆ, ಕೆಲವು ತಿಂಗಳ ನಂತರ ಬ್ಲಾಕ್ (ಎಂಜಿನ್ನಿನ ಒಡಲು) ಒಡೆದು ರಾಡ್ ಹೊರಬರಬಹುದು.

ಹಾಫ್ ಎಂಜಿನ್ ಸಾಕೋ, ಫುಲ್ ಬೇಕೋ?

ಗ್ಯಾರೇಜಿನ ಮಾತಲ್ಲಿ ಹಾಫ್ ಎಂದರೆ ರಿಂಗ್, ಬೇರಿಂಗ್, ವಾಲ್ವ್ ಉಜ್ಜುವುದು. ಫುಲ್ ಎಂದರೆ ಬೋರಿಂಗ್ (ಸವೆದ ಬೋರ್‌ನ್ನು ಕೊರೆದು ಹಿಗ್ಗಿಸುವುದು), ಹೊಸ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲವೂ. ಇದನ್ನು ನಿಮ್ಮ ಜೇಬೂ ಹೇಳಬಾರದು, ಮೆಕ್ಯಾನಿಕ್ಕೂ ಹೇಳಬಾರದು, ಬೋರ್ ಗೇಜ್ ಹೇಳಬೇಕು. ಪ್ರತಿ ಬೋರ್‌ನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಅಡ್ಡ ಮತ್ತು ಉದ್ದ ಎರಡು ದಿಕ್ಕಿನಲ್ಲಿ ಅಳೆಯಿಸಿ. ನಾಲ್ಕು ಬೋರ್‌ಗೆ ಇಪ್ಪತ್ತನಾಲ್ಕು ಅಂಕಿ. ಮೊಟ್ಟೆಯಾಕಾರ ತಾಳಿದ ಬೋರ್‌ಗೆ ಹೊಸ ರಿಂಗ್ ಹಾಕಿದರೆ ಅದು ಎಂದೂ ಕೂರುವುದಿಲ್ಲ, ಹಣ ಎರಡು ಸಲ ಹೋಗುತ್ತದೆ.

ಮನೆಯ ಪಾರ್ಕಿಂಗ್‌ನಲ್ಲೇ ಎಂಜಿನ್ ಇಳಿಸಬಹುದೇ?

ಜಿಪ್ಸಿಯದಾದರೆ ಇಬ್ಬರಿದ್ದರೆ ಆಗುತ್ತದೆ. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಒಳಗೆ ಬೀಡಿನ ಸ್ಲೀವ್. ಹಾಗಾಗಿ ತೂಕ ಕಡಿಮೆ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್‌ನಿಂದ ದೂರ, ನಡುವೆ ಒಂದು ಗಿಡ್ಡ ಪ್ರೊಪೆಲರ್ ಶಾಫ್ಟ್. ಆದ್ದರಿಂದ ಗೇರ್‌ಬಾಕ್ಸ್ ಇದ್ದಲ್ಲೇ ಇರಲಿ, ಅದರ ಕೆಳಗೆ ಜಾಕ್ ಕೊಟ್ಟು ಎಂಜಿನ್ ಮಾತ್ರ ಮುಂದಕ್ಕೆಳೆದು ಎತ್ತಬಹುದು. ಮೊದಲು ಬ್ಯಾಟರಿಯ ನೆಗೆಟಿವ್. ಆಮೇಲೆ ಬಾನೆಟ್, ನೀರು, ಆಯಿಲ್, ಗ್ರಿಲ್, ರೇಡಿಯೇಟರ್. ಬಿಚ್ಚುವ ಮೊದಲು ಪ್ರತಿ ಪೈಪು, ಪ್ರತಿ ವೈರ್ ಎಲ್ಲಿಂದ ಎಲ್ಲಿಗೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದು, ಬಟ್ಟೆ ಪಟ್ಟಿಗೆ ನಂಬರ್ ಬರೆದು ಕಟ್ಟಿ. ಬೋಲ್ಟ್‌ಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎಲ್ಲಿಯದೆಂದು ಬರೆಯಿರಿ. ಎಂಜಿನ್ ಗೇರ್‌ಬಾಕ್ಸ್‌ಗೆ ಸೇರುವ ಬೆಲ್ ಹೌಸಿಂಗ್‌ನ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ.

ಚೈನ್ ಬ್ಲಾಕ್ ಬಾಡಿಗೆಗೆ ಸಿಗುತ್ತದೆ. ಅದನ್ನು ಸೊಸೈಟಿಯ ಪಾರ್ಕಿಂಗ್ ಶೆಡ್ಡಿನ ಪೈಪಿಗೆ ತೂಗುಹಾಕಬೇಡಿ. ಭಾರ ತಡೆಯುವ ತೊಲೆ ಇಲ್ಲವೇ ಕಬ್ಬಿಣದ ಮೂರ್ಕಾಲಿ ಬೇಕು. ತೂಗುವ ಎಂಜಿನ್ನಿನ ಕೆಳಗೆ ಕೈಕಾಲು ಯಾರದೂ ಇರಬಾರದು. ಮಕ್ಕಳನ್ನು ಮನೆಯೊಳಗೆ ಕಳಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು. ಪುಣೆಯ ಮಳೆಗಾಲದ ತೇವಕ್ಕೆ ಹೋನಿಂಗ್ (ಬೋರಿಂಗ್ ನಂತರ ಕಲ್ಲಿನಿಂದ ನಯವಾಗಿ ಉಜ್ಜುವುದು) ಆದ ಬೋರ್ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ಪುಣೆಯಲ್ಲಿ ಬೋರಿಂಗ್ ಎಲ್ಲಿ ಮಾಡಿಸಲಿ, ಸಾಮಾನು ಎಲ್ಲಿ ಕೊಳ್ಳಲಿ?

ಈ ಊರಿಗೆ ಎಂಜಿನ್ ಹೊಸದಲ್ಲ. ಖಡಕಿಯಲ್ಲಿ 1946ರಿಂದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಇದೆ, ಆ ಮನೆತನದ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕೋಥ್ರೂಡ್‌ನಲ್ಲಿ ಕಮಿನ್ಸ್, ವೇತಾಳ ಗುಡ್ಡದ ಮೇಲೆ 1966ರ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ, ಪಿಂಪ್ರಿಯಲ್ಲಿ ಟಾಟಾ. ಇಂಥ ಕಾರ್ಖಾನೆಗಳಲ್ಲಿ ಅಳತೆ ಕಲಿತ ಕೈಗಳು ಭೋಸರಿ, ಚಿಂಚ್ವಡದ ಎಂಐಡಿಸಿ (ಕೈಗಾರಿಕಾ ಪ್ರದೇಶ) ಗಲ್ಲಿಗಳಲ್ಲಿ ಲೇತ್, ಬೋರಿಂಗ್ ಯಂತ್ರ ಇಟ್ಟುಕೊಂಡಿವೆ. ವಿಜಯಪುರ, ಕಲಬುರಗಿ, ಜಮಖಂಡಿ ಕಡೆಯ ಕನ್ನಡ ಅಲ್ಲಿ ಧಾರಾಳವಾಗಿ ಕೇಳಿಸುತ್ತದೆ. ನನ್ನ ಎರಡನೇ ಬೋರಿಂಗ್ ಮಾಡಿದ ಹಿರಿಯರು ಜಮಖಂಡಿಯವರು. "ಕಾಕಾ, ಎಷ್ಟು ಬಂತು?" ಎಂದು ಕೇಳಿದರೆ ಬಾಯಲ್ಲಿ ಹೇಳಲಿಲ್ಲ. "ಬರದ್ ಕೊಡ್ತೀನಿ ತಡೀರಿ. ಬಾಯ್ಲೆ ಹೇಳಿದ್ದು ನಾಳಿಗಿ ನನಗೂ ನೆನಪಿರಂಗಿಲ್ಲ, ನಿಮಗೂ ಇರಂಗಿಲ್ಲ" ಎಂದು ಇಪ್ಪತ್ತನಾಲ್ಕೂ ಅಂಕಿಯನ್ನು ರಟ್ಟಿನ ತುಂಡಿನ ಮೇಲೆ ಬರೆದುಕೊಟ್ಟರು. ಆ ರಟ್ಟು ಇನ್ನೂ ನನ್ನ ಹತ್ತಿರ ಇದೆ. ಅಳತೆ ಬರೆದು ಕೊಡದ ಅಂಗಡಿಗೆ ಬ್ಲಾಕ್ ಬಿಟ್ಟು ಬರಬೇಡಿ.

ಸಾಮಾನಿಗೆ ನಾನಾ ಪೇಠ. ಪಾನಾ, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತೆಂದು ತೋರಿಸುವ ಪಾನಾ) ಬೇಕಿದ್ದರೆ ರವಿವಾರ ಪೇಠದ ಬೋಹ್ರಿ ಆಳಿ. ಬುಧವಾರ, ಭಾನುವಾರದ ಜುನಾ ಬಜಾರ್‌ನಲ್ಲಿ ಹಳೇ ಬ್ರಾಕೆಟ್ಟು, ಕ್ಲಿಪ್ಪು ಸಿಗುತ್ತವೆ, ಆದರೆ ಬೇರಿಂಗ್, ರಿಂಗ್, ಸೀಲ್ ಅಲ್ಲಿ ಕೊಳ್ಳಬೇಡಿ.

ಮೊದಲು ಬೋರಿಂಗೋ, ಮೊದಲು ಪಿಸ್ಟನ್ನೋ?

ಮೊದಲು ಪಿಸ್ಟನ್. ಜಿಪ್ಸಿ ಕಿಂಗ್‌ನ ಮೂಲ ಬೋರ್ 74 ಮಿಮೀ, ಮೇಲಿನ ಅಳತೆಯ ಪಿಸ್ಟನ್ 0.25 ಮತ್ತು 0.50 ಮಿಮೀ ಎರಡರಲ್ಲಿ ಬರುತ್ತವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಸ್ಕರ್ಟ್ (ಕೆಳಭಾಗ) ಅಳೆದು, ಪಿಸ್ಟನ್ನಿಗೆ 0.02ರಿಂದ 0.04 ಮಿಮೀ ಸಡಿಲ ಉಳಿಯುವಂತೆ ಬೋರ್‌ನ್ನು ಕತ್ತರಿಸಬೇಕು. ಯಾವ ಪಿಸ್ಟನ್ ಯಾವ ಬೋರ್‌ಗೆ ಎಂದು ನಂಬರ್ ಹಾಕಿಸಿ. ನಾಲ್ಕೂ ಪಿಸ್ಟನ್ನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ. ತೂಕ ಬೇರೆ ಬೇರೆ ಬಂದರೆ ಅಂಗಡಿಗೆ ವಾಪಸ್ ಕೊಡಿ.

ಹೆಡ್‌ನ ಮೈ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.05 ಮಿಮೀ ದಾಟಿದರೆ ಸರ್ಫೇಸ್ ಮಾಡಿಸಿ ಮಟ್ಟ ಮಾಡಿಸಬೇಕು.

ಬೋರಿಂಗ್ ಆಗಿ ಬಂದ ಬ್ಲಾಕ್‌ನ್ನು ಪೆಟ್ರೋಲ್‌ನಲ್ಲಿ ತೊಳೆದರೆ ಸಾಲದೇ?

ಸಾಲದು. ಹೊಸ ಎಂಜಿನ್ ಹಾಳಾಗುವುದು ಇಲ್ಲಿಯೇ ಹೆಚ್ಚು. ಹೋನಿಂಗ್ ಕಲ್ಲಿನ ಪುಡಿ ಬೋರ್‌ನ ಗೆರೆಗಳಲ್ಲಿ ಕೂತಿರುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಯಾವುದೂ ಅದನ್ನು ಎಬ್ಬಿಸುವುದಿಲ್ಲ, ಎಣ್ಣೆಯನ್ನಷ್ಟೇ ತೆಗೆಯುತ್ತವೆ. ಬಿಸಿನೀರು, ಪಾತ್ರೆ ತಿಕ್ಕುವ ಸೋಪು, ನೈಲಾನ್ ಬ್ರಷ್ ತೆಗೆದುಕೊಂಡು ಉಜ್ಜಿ. ಬಿಳಿ ಬಟ್ಟೆಯಿಂದ ಬೋರ್ ಒರೆಸಿ. ಬೂದು ಕಲೆ ಕಂಡರೆ ಮತ್ತೆ ಉಜ್ಜಿ. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ನಾನು ಐದು ಸಲ ಉಜ್ಜಿದ್ದೇನೆ. ಕೂಡಲೇ ಗಾಳಿ ಹೊಡೆದು ಒಣಗಿಸಿ ಎಂಜಿನ್ ಆಯಿಲ್ ಸವರಿ, ಸ್ವಚ್ಛ ಪ್ಲಾಸ್ಟಿಕ್ ಹೊದಿಸಿ. ಆಯಿಲ್ ಓಡುವ ರಂಧ್ರಗಳಿಗೆಲ್ಲ ಉದ್ದ ಬ್ರಷ್ ಹಾಕಬೇಕು, ಕ್ರ್ಯಾಂಕ್‌ನ ಒಳದಾರಿಗೂ. ಒರೆಸಲು ಹತ್ತಿಯ ವೇಸ್ಟ್ ಬಳಸಬೇಡಿ, ಅದರ ಎಳೆ ಆಯಿಲ್ ಜಾಲರಿಗೆ ಹೋಗಿ ಕೂರುತ್ತದೆ.

ಜೋಡಿಸುವಾಗ ತಪ್ಪಾಗುವುದು ಎಲ್ಲಿ?

ಆತುರದಲ್ಲಿ. ಬೇರಿಂಗ್ ತರುವಾಗ ಬರೀ "ಸ್ಟ್ಯಾಂಡರ್ಡ್ ಕೊಡಿ" ಎಂದರೆ ಸಾಲದು. ಈ ಎಂಜಿನ್ನಿನ ಕ್ರ್ಯಾಂಕ್ ಮೇಲೂ ಬ್ಲಾಕ್ ಮೇಲೂ ಗುರುತು ಒತ್ತಿರುತ್ತದೆ. ಎರಡನ್ನೂ ಸೇರಿಸಿ ನೋಡಿ ಮೇನ್ ಬೇರಿಂಗ್‌ನ ಬಣ್ಣದ ಗುರುತು ಆರಿಸಬೇಕು. ಕೂರಿಸಿದ ಮೇಲೆ ಪ್ಲಾಸ್ಟಿಗೇಜ್ ಎಳೆ (ಒತ್ತಿದಾಗ ಚಪ್ಪಟೆಯಾಗಿ ಸಡಿಲ ತೋರಿಸುವ ಪ್ಲಾಸ್ಟಿಕ್ ದಾರ) ಇಟ್ಟು, ಸರಿಯಾದ ಟಾರ್ಕ್‌ಗೆ ಬಿಗಿದು, ಮತ್ತೆ ಬಿಚ್ಚಿ ಎಳೆ ಎಷ್ಟು ಅಗಲವಾಯಿತು ನೋಡಿ. ಎಳೆ ಇಟ್ಟಿರುವಾಗ ಕ್ರ್ಯಾಂಕ್ ತಿರುಗಿಸಬಾರದು.

ಪ್ರತಿ ರಿಂಗ್‌ನ್ನೂ ಅದರದೇ ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ಬಾಯಿಯ ಅಂತರ ಅಳೆಯಿರಿ. ಅಂತರ ಸಾಲದಿದ್ದರೆ ಬಿಸಿಗೆ ರಿಂಗ್‌ನ ತುದಿಗಳು ಒಂದಕ್ಕೊಂದು ತಾಗಿ ಬೋರ್ ಗೀರುತ್ತವೆ. ಅಕ್ಷರ ಇರುವ ಮುಖ ಮೇಲೆ, ಬಾಯಿಗಳು ಒಂದರ ಮೇಲೊಂದು ಬರದಂತೆ. ಪಿಸ್ಟನ್ ಮೇಲಿನ ಬಾಣ ಕ್ರ್ಯಾಂಕ್ ಪುಲ್ಲಿ ಕಡೆಗೆ. ರಾಡ್ ಮತ್ತು ಅದರ ಕ್ಯಾಪ್ ಹುಟ್ಟಿನಿಂದ ಜೋಡಿ, ಅದಲುಬದಲು ಮಾಡಬೇಡಿ.

ಹೆಡ್ ಬೋಲ್ಟ್ ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಹಂತಹಂತವಾಗಿ. ಬಿಚ್ಚುವಾಗ ಹೊರಗಿನಿಂದ ನಡುವಿಗೆ. ಅಂದಾಜಿನ ಕೈ ಎಷ್ಟೇ ಪಳಗಿದ್ದರೂ ಅಲ್ಯೂಮಿನಿಯಂ ಬ್ಲಾಕ್‌ಗೆ ಟಾರ್ಕ್ ರೆಂಚೇ ಬೇಕು. ಟೈಮಿಂಗ್ ಬೆಲ್ಟ್ ಹಾಕಿ ಗುರುತು ಕೂಡಿಸಿದ ಮೇಲೆ ಕ್ರ್ಯಾಂಕ್‌ನ್ನು ಕೈಯಿಂದ ಎರಡು ಸುತ್ತು ಪೂರ್ತಿ ತಿರುಗಿಸಿ ಮತ್ತೆ ನೋಡಿ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹಿಂದಿನ ಆಯಿಲ್ ಸೀಲ್ ಇವನ್ನೆಲ್ಲ ಹೊಸದಾಗಿ ಹಾಕಿ. ಇವುಗಳಲ್ಲಿ ಉಳಿಸಿದ ಹಣಕ್ಕೆ ಮತ್ತೆ ಎಂಜಿನ್ ಇಳಿಸುವ ಕೂಲಿ ಕೊಡಬೇಕಾಗುತ್ತದೆ.

ಥರ್ಮೋಸ್ಟ್ಯಾಟ್ ತೆಗೆದುಬಿಡಿ, ಎಂಜಿನ್ ತಂಪಾಗಿರುತ್ತೆ ಅಂತಾರಲ್ಲ?

ಕೇಳಬೇಡಿ. ಎಂಜಿನ್ ತಂಪಾಗಿರಬಾರದು, ಸರಿಯಾದ ಬಿಸಿಯಲ್ಲಿರಬೇಕು. ತಣ್ಣಗೆ ಓಡುವ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಉರಿಯದೆ ಬೋರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ, ಸವೆತ ಹೆಚ್ಚುತ್ತದೆ. ಹೊಸ ಥರ್ಮೋಸ್ಟ್ಯಾಟ್‌ನ್ನು ಪಾತ್ರೆಯ ನೀರಲ್ಲಿ ತೂಗುಹಾಕಿ ಕಾಯಿಸಿ. ನೀರು ಕುದಿಯುವ ಮೊದಲೇ ಅದು ಬಾಯಿ ತೆರೆಯಬೇಕು. ತೆರೆದದ್ದು ನೋಡಿಯೇ ಹಾಕಿ.

ಕೂರಿಸುವಾಗ ಎಂಜಿನ್ ಗೇರ್‌ಬಾಕ್ಸ್‌ಗೆ ಸೇರುತ್ತಿಲ್ಲ, ಎರಡು ಬೆರಳು ಅಂತರ ಉಳಿಯುತ್ತದೆ. ಬೋಲ್ಟ್ ಹಾಕಿ ಎಳೆಯಲೇ?

ಎಂದಿಗೂ ಎಳೆಯಬೇಡಿ. ಬೆಲ್ ಹೌಸಿಂಗ್‌ನ ಕಿವಿ ಮುರಿಯುತ್ತದೆ ಅಥವಾ ಕ್ಲಚ್ ಪ್ಲೇಟ್‌ನ ನಡುಭಾಗ ಬಾಗುತ್ತದೆ. ಕ್ಲಚ್ ಪ್ಲೇಟ್ ನಡುಮಧ್ಯ ಕೂತಿಲ್ಲ ಎಂದರ್ಥ. ಅಲೈನ್‌ಮೆಂಟ್ ಟೂಲ್ ಇಲ್ಲವೇ ಹಳೆಯ ಇನ್‌ಪುಟ್ ಶಾಫ್ಟ್ ತೂರಿಸಿ ಪ್ಲೇಟ್ ಮಧ್ಯಕ್ಕೆ ತಂದು ಆಮೇಲೆ ಪ್ರೆಶರ್ ಪ್ಲೇಟ್ ಬಿಗಿಯಿರಿ. ಗೇರ್ ಹಾಕಿಟ್ಟು ಕ್ರ್ಯಾಂಕ್ ಪುಲ್ಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಜಾಕ್‌ನಿಂದ ಗೇರ್‌ಬಾಕ್ಸ್‌ನ ಮೂತಿ ಎತ್ತಿ ಇಳಿಸುತ್ತ ಕೈಯಿಂದ ತಳ್ಳಿದರೆ ಅದು ತಾನೇ ಜಾರಿ ಸೇರುತ್ತದೆ. ಎಂಜಿನ್ ಹೊರಗಿರುವಾಗಲೇ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಎಂಜಿನ್ ಮೌಂಟಿಂಗ್ ರಬ್ಬರ್ ಬದಲಿಸಿ.

ಕೊನೆಗೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ. ಅದನ್ನು ಮರೆತರೆ ಸ್ಟಾರ್ಟರ್‌ನ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿಯುತ್ತದೆ, ಕೇಬಲ್ ಕಾದು ಸುಟ್ಟುಹೋಗುತ್ತದೆ.

ಮೊದಲ ಸ್ಟಾರ್ಟ್ ಹೇಗೆ?

ಪ್ಲಗ್ ಹಾಕದೆ, ಕಾಯಿಲ್ ವೈರ್ ಬಿಚ್ಚಿಟ್ಟು, ಆಯಿಲ್ ಲೈಟ್ ಆರುವವರೆಗೆ ಸ್ಟಾರ್ಟರ್ ತಿರುಗಿಸಿ. ನಡುನಡುವೆ ಸ್ಟಾರ್ಟರ್‌ಗೆ ವಿಶ್ರಾಂತಿ ಕೊಡಿ. ಹೊಸ ಬೇರಿಂಗ್ ಒಣಗಿ ಓಡಬಾರದು. ಪಕ್ಕದಲ್ಲಿ ನೀರು, ಬೆಂಕಿ ಆರಿಸುವ ಸಿಲಿಂಡರ್, ಮತ್ತು ಎಂಜಿನ್ ಕೆಳಗೆ ನೋಡುತ್ತಿರುವ ಒಬ್ಬ ಗೆಳೆಯ ಇರಲಿ. ಪ್ಲಗ್ ಹಾಕಿ ಸ್ಟಾರ್ಟ್ ಆದ ಕೂಡಲೇ ಆಯಿಲ್ ಪ್ರೆಶರ್ ನೋಡಿ. ಲೈಟ್ ಆರದಿದ್ದರೆ ತಕ್ಷಣ ನಿಲ್ಲಿಸಿ. ರೇಡಿಯೇಟರ್‌ನ ಗುಳ್ಳೆ ಪೂರ್ತಿ ಹೋಗುವವರೆಗೆ ನೀರು ತುಂಬುತ್ತಿರಿ. ಗಂಟೆಗಟ್ಟಲೆ ನಿಲ್ಲಿಸಿಕೊಂಡು ಐಡಲ್‌ನಲ್ಲಿ ಓಡಿಸುವ ರೂಢಿ ನಮ್ಮಲ್ಲಿದೆ, ಅದು ತಪ್ಪು.

ರನ್ನಿಂಗ್ ಇನ್ (ಹೊಸದಾಗಿ ಕಟ್ಟಿದ ಎಂಜಿನ್ನನ್ನು ಪಳಗಿಸುವ ಓಟ) ಎಲ್ಲಿ, ಹೇಗೆ?

ರಿಂಗ್ ಕೂರಬೇಕಾದರೆ ಹಿಂದಿನಿಂದ ಒತ್ತಡ ಬೇಕು, ಅದಕ್ಕೆ ಎಂಜಿನ್ ಸ್ವಲ್ಪ ದುಡಿಯಬೇಕು. ನಾನು ನಸುಕಿನಲ್ಲಿ ಕಾತ್ರಜ್ ಸುರಂಗ ದಾಟಿ ಸಾತಾರಾ ಕಡೆ ಹೊರಟೆ. ಟಾಪ್ ಗೇರ್‌ನಲ್ಲಿ 40ರಿಂದ 60ಕ್ಕೆ ಏರಿಸಿ, ಕಾಲು ತೆಗೆದು ಮತ್ತೆ 40ಕ್ಕೆ ಇಳಿಯಲು ಬಿಡುವುದು, ಹೀಗೆ ಇಪ್ಪತ್ತು ಮೂವತ್ತು ಸಲ. ಒಂದೇ ವೇಗದಲ್ಲಿ ಉದ್ದಕ್ಕೂ ಓಡಿಸಬೇಡಿ, ಟ್ರೇಲರ್ ಎಳೆಯಬೇಡಿ, ಖಂಬಾಟ್ಕಿ ಘಾಟನ್ನು ತಳಹಿಡಿದು ಒತ್ತಿ ಹತ್ತಬೇಡಿ. ಮೊದಲ 1000 ಕಿಮೀ ಸಾದಾ ಮಿನರಲ್ ಆಯಿಲ್. 500 ಕಿಮೀಗೆ ಒಮ್ಮೆ, 1000ಕ್ಕೆ ಇನ್ನೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಅದೇ ಹೊತ್ತಿಗೆ ಟ್ಯಾಪೆಟ್ (ವಾಲ್ವ್‌ಗಳ ಸಡಿಲ) ನೋಡಿಸಿ.

ನನ್ನದು ಮಹೀಂದ್ರಾ ಎಂಎಂ 540. ಇದೆಲ್ಲ ಅದಕ್ಕೂ ಸರಿಯೇ?

ಶುಚಿ, ಅಳತೆ, ಕಾರಣ ಹುಡುಕುವುದು ಎಲ್ಲಕ್ಕೂ ಒಂದೇ. ಆದರೆ ಅದರ 2112 ಸಿಸಿ ಪ್ಯೂಜೊ ಡೀಸೆಲ್ ಭಾರದ್ದು, ಇಬ್ಬರಿಂದ ಆಗದು. ಇಂಜೆಕ್ಷನ್ ಪಂಪ್ ಮತ್ತು ನಾಜಲ್‌ಗಳನ್ನು ಪಂಪ್ ಶಾಪ್‌ನಲ್ಲಿ ಪರೀಕ್ಷೆ ಮಾಡಿಸದೆ ಎಂಜಿನ್ ಬಿಚ್ಚಬೇಡಿ. ಚಳಿಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಗ್ಲೋ ಪ್ಲಗ್ ನೋಡಿ.

ಬೇರೆ ಡೀಸೆಲ್ ಎಂಜಿನ್ ಹಾಕಿದರೆ ಸುಲಭವಲ್ಲವೇ? ಆರ್‌ಟಿಒ ಏನನ್ನುತ್ತದೆ?

ಹಾಕಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ನಿಮ್ಮದೇ ಬ್ಲಾಕ್ ಉಳಿಸಿಕೊಂಡು ಕಟ್ಟಿದರೆ ಎಂಜಿನ್ ನಂಬರ್ ಬದಲಾಗುವುದಿಲ್ಲ. ಬ್ಲಾಕ್ ಬದಲಿಸಲೇಬೇಕಾದರೆ ಅದೇ ಮಾದರಿಯದು ಇರಲಿ, ಬಿಲ್ ಇರಲಿ, ಆರ್‌ಸಿಯಲ್ಲಿ ನಂಬರ್ ತಿದ್ದಿಸಲು ಮೊದಲೇ ಆರ್‌ಟಿಒದಲ್ಲಿ ಅರ್ಜಿ ಕೊಡಿ. ಬಿಲ್ಲಿಲ್ಲದ ಬ್ಲಾಕ್ ಎಷ್ಟು ಅಗ್ಗವಾಗಿ ಸಿಕ್ಕರೂ ಕದ್ದ ಗಾಡಿಯದಾಗಿರಬಹುದು.

ಕೆಎ ನಂಬರ್ ಇದ್ದವರಿಗೆ ಇನ್ನೊಂದು ಮಾತು. ಗಾಡಿ ಮಹಾರಾಷ್ಟ್ರದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು, ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ ಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಇದ್ದೇ ಇದೆ. ಎಂಜಿನ್ ಕೆಲಸಕ್ಕೆ ಹಣ ಹಾಕುವ ಮೊದಲೇ ಈ ಕಾಗದಗಳನ್ನು ಸರಿಮಾಡಿಕೊಳ್ಳಿ.

ಮೊದಲ ಆಯಿಲ್ ತೆಗೆದಾಗ ಅದರಲ್ಲಿ ಹೊಳೆಯುವ ಪುಡಿ ಕಂಡಿತು. ಗಾಬರಿಯಾಗಬೇಕೇ?

ಬಿಸಿಲಲ್ಲಿ ಹಿಡಿದಾಗ ಬೂದಿಯಂತೆ ಮಿನುಗುವ ನುಣ್ಣನೆ ಪುಡಿ ರಿಂಗ್, ಬೋರ್ ಹೊಂದಿಕೊಳ್ಳುತ್ತಿರುವುದರದ್ದು, ಎರಡನೇ ಆಯಿಲ್‌ನಲ್ಲಿ ಅದು ಕಡಿಮೆಯಾಗಬೇಕು. ಬೆರಳಿಗೆ ಸಿಗುವ ಚೂರು, ತಾಮ್ರದ ಬಣ್ಣದ ತುಣುಕು ಇದ್ದರೆ ಬೇರಿಂಗ್‌ನದು, ಗಾಡಿ ನಿಲ್ಲಿಸಿ. ಹಳೇ ಫಿಲ್ಟರ್ ಎಸೆಯುವ ಮೊದಲು ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ, ಬಿಳಿ ತಟ್ಟೆಯ ಮೇಲೆ ಹರಡಿ, ಅದರ ಮೇಲೆ ಅಯಸ್ಕಾಂತ ಆಡಿಸಿ ನೋಡಿ. ಅಂಟಿದ್ದು ಕಬ್ಬಿಣ, ಎಂದರೆ ರಿಂಗ್, ಬೋರ್, ಕ್ರ್ಯಾಂಕ್ ಕಡೆಯದು. ಅಂಟದೆ ಹೊಳೆಯುವುದು ಬೇರಿಂಗ್ ಇಲ್ಲವೇ ಪಿಸ್ಟನ್‌ನದು. ಏನು ಸಿಕ್ಕಿತೆಂದು ತಾರೀಖು, ಕಿಮೀ ಸಹಿತ ಬೋರ್ ಅಳತೆಯ ಚೀಟಿಯ ಹಿಂದೆಯೇ ಬರೆದಿಡಿ.